ಬಾಯಿ ಕ್ಯಾನ್ಸರ್ ಕೇಸ್ ಶೀಟಿಗೆ ಕೋಡ್ ಹಾಕುವ ಕೆಲಸ: ನನ್ನ ಅನುಭವ

ಜನ ಬಾಯಿ ಕ್ಯಾನ್ಸರ್ ಎಂದು ಒಂದೇ ಹೆಸರಿನಿಂದ ಕರೆಯುವ ರೋಗ ಐಸಿಡಿ-10ರಲ್ಲಿ, ಅಂದರೆ ರೋಗಗಳಿಗೆ ಕೋಡ್ ಕೊಡುವ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ, ಸಿ00ರಿಂದ ಸಿ06ರವರೆಗೆ ಏಳು ವಿಭಾಗಗಳಲ್ಲಿ ಹಂಚಿಹೋಗಿದೆ: ತುಟಿ, ನಾಲಿಗೆಯ ಬುಡ, ನಾಲಿಗೆಯ ಉಳಿದ ಭಾಗ, ವಸಡು, ನಾಲಿಗೆಯ ಕೆಳಗಿನ ಬಾಯಿಯ ತಳ, ಅಂಗುಳ, ಕೊನೆಗೆ ಕೆನ್ನೆಯ ಒಳಪದರವೂ ಸೇರಿದ ಉಳಿದ ಜಾಗಗಳು. ಕರ್ನಾಟಕದ ಆಸ್ಪತ್ರೆಯೊಂದರ ವೈದ್ಯಕೀಯ ದಾಖಲೆ ವಿಭಾಗದಲ್ಲಿ ಈ ಕೇಸ್ ಶೀಟುಗಳಿಗೆ ಕೋಡ್ ಹಾಕುವುದು ನನ್ನ ಕೆಲಸ. ಪುಸ್ತಕದಲ್ಲಿ ಕೋಡ್ ಹುಡುಕಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಗಡ್ಡೆ ಮೊದಲು ಎಲ್ಲಿ ಹುಟ್ಟಿತು ಎಂಬುದನ್ನು ಕಡತದ ಕಾಗದಗಳಿಂದಲೇ ಖಚಿತಪಡಿಸಿಕೊಳ್ಳುವುದರಲ್ಲಿ ಸಮಯವೆಲ್ಲ ಹೋಗುತ್ತದೆ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಸಿಎ ಓರಲ್ ಕ್ಯಾವಿಟಿ’ (ಸಿಎ ಎಂದರೆ ಕಾರ್ಸಿನೋಮ, ಕ್ಯಾನ್ಸರ್) ಎಂದಷ್ಟೇ ಇದ್ದರೆ ಅದಕ್ಕೆ ಸಿಗುವುದು ಸಿ06.9, ಅಂದರೆ ಬಾಯಿಯಲ್ಲಿ ಎಲ್ಲಿಯೋ ಒಂದು ಕಡೆ. ‘ಸಿಎ ಚೀಕ್’ ಎಂದು ಬರೆದರೆ ಇನ್ನೂ ಕಷ್ಟ. ಕೆನ್ನೆಯ ಒಳಪದರ ಸಿ06.0 ಆದರೆ, ಕೆನ್ನೆಯ ಹೊರಚರ್ಮ ಸಿ44.3, ಒಳಗೋ ಹೊರಗೋ ಹೇಳದ ಕೆನ್ನೆಯನ್ನು ಐಸಿಡಿಯ ಸೂಚಿ ಸಿ76.0ಗೆ ಕಳುಹಿಸುತ್ತದೆ. ನಮ್ಮ ಕಡೆ ಹೆಚ್ಚಿನವರು ಕಡ್ಡಿಪುಡಿ, ಗುಟ್ಕಾ ಅಥವಾ ಹೊಗೆಸೊಪ್ಪಿನ ಜೊತೆಗಿನ ಎಲೆ ಅಡಿಕೆಯನ್ನು ಕೆಳವಸಡಿಗೂ ಕೆನ್ನೆಗೂ ನಡುವಿನ ಸಂದಿನಲ್ಲಿ ಒತ್ತಿಟ್ಟುಕೊಳ್ಳುವುದರಿಂದ ಗಡ್ಡೆ ಏಳುವುದೂ ಬಹುಪಾಲು ಅಲ್ಲಿಯೇ, ಅಥವಾ ಅದರ ಅಕ್ಕಪಕ್ಕದಲ್ಲಿ. ಅಷ್ಟು ಚಿಕ್ಕ ಜಾಗದಲ್ಲಿ ನಾಲ್ಕು ಕೋಡುಗಳು ಒತ್ತೊತ್ತಾಗಿ ಸೇರಿಕೊಂಡಿವೆ: ಕೆಳವಸಡು ಸಿ03.1, ಕೆನ್ನೆಯ ಒಳಪದರ ಸಿ06.0, ಎರಡರ ನಡುವಿನ ಸಂದು ಸಿ06.1, ಕೊನೆಯ ದವಡೆಹಲ್ಲಿನ ಹಿಂಭಾಗ ಸಿ06.2.

ನಾನು ಕೆಲಸ ಮಾಡುವ ರೀತಿ ತಿಳಿಯಲು ಒಂದು ಕಡತವನ್ನೇ ನೋಡೋಣ. ಹೊರರೋಗಿ ಚೀಟಿಯಲ್ಲಿ ‘ಕೆ/ಸಿ/ಓ ಸಿಎ ಬಿಎಂ ಲೆಫ್ಟ್’ ಎಂದಿತ್ತು. ಕೆ/ಸಿ/ಓ ಎಂದರೆ ‘ನೋನ್ ಕೇಸ್ ಆಫ್’, ರೋಗ ಇದೆಯೆಂದು ಮೊದಲೇ ಗೊತ್ತಾದವರು; ಬಿಎಂ ಲೆಫ್ಟ್ ಎಂದರೆ ಎಡಕೆನ್ನೆಯ ಒಳಪದರ. ಬಯಾಪ್ಸಿ ತೆಗೆದ ಜಾಗವೆಂದು ರೋಗಶಾಸ್ತ್ರ ವಿಭಾಗದ ವರದಿ ತೋರಿಸಿದ್ದು ಎಡ ಕೆಳವಸಡನ್ನು. ಸಿಟಿ ಸ್ಕ್ಯಾನ್ ವರದಿಯ ಪ್ರಕಾರ ಗಡ್ಡೆ ಸಂದಿನಲ್ಲಿದ್ದು ದವಡೆಯ ಎಲುಬನ್ನು ಮೇಲ್ಮೈಯಲ್ಲಿ ಸವೆಸಿತ್ತು. ಮೂರೂ ಸುಳ್ಳಲ್ಲ, ದೊಡ್ಡ ಗಡ್ಡೆ ಮೂರೂ ಕಡೆ ಹಬ್ಬಿರುತ್ತದೆ, ಬಯಾಪ್ಸಿಯ ತುಣುಕನ್ನು ಕೈಗೆ ಎಟುಕಿದ ಅಂಚಿನಿಂದ ತೆಗೆದಿರುತ್ತಾರೆ. ಆದರೆ ಎಲ್ಲ ಕಾಗದಗಳಲ್ಲಿ ಹೆಚ್ಚು ಸಲ ಬಂದ ಹೆಸರನ್ನು ಆರಿಸಿಕೊಳ್ಳುವುದು ಕೋಡಿಂಗ್ ಅಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ಶಸ್ತ್ರಚಿಕಿತ್ಸೆಯ ಟಿಪ್ಪಣಿಯನ್ನೂ, ತೆಗೆದ ಭಾಗವನ್ನು ಬರಿಗಣ್ಣಿಗೆ ಕಂಡಂತೆ ರೋಗಶಾಸ್ತ್ರಜ್ಞರು ವಿವರಿಸಿದ ಸಾಲುಗಳನ್ನೂ ಓದಿದ ಮೇಲೂ ಉತ್ತರ ಸಿಗದಾಗ ನಾನು ಶಸ್ತ್ರಚಿಕಿತ್ಸಕರಿಗೆ ಲಿಖಿತ ಪ್ರಶ್ನೆ ಕಳುಹಿಸುತ್ತೇನೆ. ಆ ಪ್ರಶ್ನೆಯಲ್ಲಿ ‘ಇದು ವಸಡಿನದೇ ಅಲ್ಲವೇ, ಸರ್?’ ಎಂಬಂಥ ಒತ್ತಾಸೆ ಇರಬಾರದು. ಮೂರು ವರದಿಗಳಲ್ಲಿರುವುದನ್ನು ದಿನಾಂಕ ಸಹಿತ ಬರೆದು, ಗಡ್ಡೆಯ ಮೂಲಸ್ಥಾನವನ್ನು ದಯವಿಟ್ಟು ನಮೂದಿಸಿ ಎಂದಷ್ಟೇ ಕೇಳುತ್ತೇನೆ. ಮೂಲಸ್ಥಾನ ಎಡಗಡೆಯ ಕೆಳಸಂದು, ಅಲ್ಲಿಂದ ವಸಡಿಗೂ ಕೆನ್ನೆಗೂ ಹಬ್ಬಿದೆ ಎಂದು ಅವರು ಬರೆದು, ಸಹಿ ಹಾಕಿ, ದಿನಾಂಕ ನಮೂದಿಸಿದ ನಂತರ ಸಿ06.1 ಕೋಡ್ ಬಿತ್ತು.

ಇಷ್ಟು ಹಟ ಏಕೆಂದು ಕಿರಿಯ ವೈದ್ಯರು ಆಗಾಗ ಕೇಳುತ್ತಾರೆ. ಕ್ಯಾನ್ಸರಿನ ಹಂತ ನಿರ್ಧರಿಸಲು 2018ರಿಂದ ಬಳಕೆಯಲ್ಲಿರುವ ಅಮೆರಿಕದ ಎಜೆಸಿಸಿ ಕೈಪಿಡಿಯ 8ನೆಯ ಆವೃತ್ತಿಯಲ್ಲಿ, ವಸಡಿನಲ್ಲೇ ಹುಟ್ಟಿದ ಗಡ್ಡೆ ಎಲುಬನ್ನು ಮೇಲ್ಮೈಯಲ್ಲಿ ಸವೆಸಿದ ಮಾತ್ರಕ್ಕೆ ಅದನ್ನು ಟಿ4 (ಗಡ್ಡೆಯ ಟಿ1ರಿಂದ ಟಿ4ರವರೆಗಿನ ಶ್ರೇಣಿಯಲ್ಲಿ ಅತಿ ಮುಂದುವರಿದದ್ದು) ಎನ್ನುವಂತಿಲ್ಲ ಎಂಬ ಸ್ಪಷ್ಟ ಸೂಚನೆ ಇದೆ. ಹಾಗಾಗಿ ಜಾಗದ ಹೆಸರು ಹಂತದ ನಿರ್ಣಯದೊಳಗೂ ಬಂದು ಕೂರುತ್ತದೆ. ಅದೇ ಆವೃತ್ತಿ ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಎಂಬ ಅಳತೆಯನ್ನೂ ಕಡ್ಡಾಯ ಮಾಡಿತು: 2 ಸೆಂಟಿಮೀಟರಿಗಿಂತ ಚಿಕ್ಕದಾದ ಗಡ್ಡೆಯೂ 5 ಮಿಲಿಮೀಟರಿಗಿಂತ ಆಳಕ್ಕೆ ಇಳಿದಿದ್ದರೆ ಟಿ1 ಆಗಿ ಉಳಿಯುವುದಿಲ್ಲ. ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ರೋಗ ಹಬ್ಬಿದ್ದರೆ ಸಿ77.0 ಸೇರಿಸುತ್ತೇವೆ, ಆದರೆ ರೋಗ ಗ್ರಂಥಿಯ ಕವಚ ಒಡೆದು ಹೊರಬಂದಿದೆಯೇ ಎಂಬ ಒಂದು ಸಾಲು ವರದಿಯಲ್ಲಿ ಇಲ್ಲದಿದ್ದರೆ, ಒಂದೇ ಬದಿಯ ಹಲವು ಗ್ರಂಥಿಗಳ ರೋಗ ಗ್ರಂಥಿಗಳ ಶ್ರೇಣಿಯಲ್ಲಿ ಎನ್2ಬಿಯೋ ಅದಕ್ಕಿಂತ ಮುಂದುವರಿದ ಎನ್3ಬಿಯೋ ಎಂಬುದು ತೀರ್ಮಾನವಾಗುವುದೇ ಇಲ್ಲ. ಆ ಸಾಲಿಗಾಗಿ ನಾನು ರೋಗಶಾಸ್ತ್ರ ವಿಭಾಗದ ಬಾಗಿಲಿಗೆ ಹೋಗಲು ಹಿಂಜರಿಯುವುದಿಲ್ಲ.

ಬಯಾಪ್ಸಿ ಬರುವವರೆಗೆ ಕಡತವನ್ನು ಬಾಕಿ ಕಟ್ಟಿನಲ್ಲೇ ಇಡುತ್ತೇನೆ. ಬಾಯಿಯೊಳಗಿನ ಬಿಳಿಮಚ್ಚೆ (ಲ್ಯೂಕೋಪ್ಲೇಕಿಯಾ) ಕೆ13.2, ಬಾಯಿ ಬಿಗಿದುಕೊಳ್ಳುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಕೆ13.5, ಇನ್ನೂ ಪದರ ದಾಟದ ಕ್ಯಾನ್ಸರ್ ಡಿ00.0, ಇವುಗಳಲ್ಲಿ ಯಾವುದೂ ಸಿ ಅಕ್ಷರದ ಕೋಡಿಗೆ ಸೇರಿದ್ದಲ್ಲ. ಕ್ಯಾನ್ಸರ್ ನೋಂದಣಿಗೆ ಬೇಕಾದ, ಗಡ್ಡೆಯ ಬಗೆಯನ್ನು ಹೇಳುವ ಐಸಿಡಿ-ಓ ಸಂಕೇತದಲ್ಲಿ ಸಾಮಾನ್ಯ ಸ್ಕ್ವಾಮಸ್ ಕ್ಯಾನ್ಸರ್ 8070/3, ಹೂಕೋಸಿನಂತೆ ಬೆಳೆಯುವ ವೆರುಕಸ್ ಬಗೆ 8051/3. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕಾರ್ಯಕ್ರಮದಡಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಡೆದುಬಂದಿರುವ ಜನಸಂಖ್ಯಾ ಆಧಾರಿತ ನೋಂದಣಿಯಂಥವು ಇಂಥ ಕಾಗದಗಳ ಮೇಲೆಯೇ ನಿಂತಿವೆ. ಯಾವ ಊರಿನಲ್ಲಿ ನಾಲಿಗೆಯ ರೋಗ ಹೆಚ್ಚುತ್ತಿದೆ, ಎಲ್ಲಿ ವಸಡಿನದು ಎಂದು ನಾಳೆ ಯಾರಾದರೂ ಕೇಳಿದರೆ ಸಿ06.9ರ ರಾಶಿಯಿಂದ ಉತ್ತರ ಸಿಗುವುದಿಲ್ಲ.

ಬಲ ಎಡ ಎಂಬುದನ್ನು ಐಸಿಡಿ-10ರ ಈ ಕೋಡುಗಳು ಹೇಳುವುದಿಲ್ಲ, ಆದ್ದರಿಂದ ಅದನ್ನು ನಾನು ಪ್ರತ್ಯೇಕವಾಗಿ ಬರೆಯುತ್ತೇನೆ. ಎಡಕೆನ್ನೆಗೆ ಚಿಕಿತ್ಸೆ ಪಡೆದವರಿಗೆ ಕೆಲವು ವರ್ಷಗಳ ನಂತರ ಬಲಕೆನ್ನೆಯಲ್ಲಿ ಅದೇ ಬಗೆಯ ಗಡ್ಡೆ ಬರುವುದುಂಟು. ಅಂತರರಾಷ್ಟ್ರೀಯ ನೋಂದಣಿ ನಿಯಮ ತುಟಿ, ವಸಡು, ಬಾಯಿಯ ತಳ, ಅಂಗುಳ ಮತ್ತು ಕೆನ್ನೆಯನ್ನು ಒಂದೇ ಗುಂಪೆಂದು ಪರಿಗಣಿಸುವುದರಿಂದ ಎಣಿಕೆಯಲ್ಲಿ ಅದು ಹೊಸ ರೋಗವಾಗುವುದಿಲ್ಲ, ಆದರೆ ಚಿಕಿತ್ಸೆ ಮಾಡುವವರಿಗೆ ಆ ವ್ಯತ್ಯಾಸ ಬಹಳ ಮುಖ್ಯ.

ಮತ್ತೊಂದು ತೊಡಕು ‘ಕೆ/ಸಿ/ಓ’ ಎಂಬ ಮೂರು ಅಕ್ಷರಗಳದು. ಶಸ್ತ್ರಚಿಕಿತ್ಸೆ ಮುಗಿಸಿ ರೇಡಿಯೋಥೆರಪಿಗೆ ದಾಖಲಾದವರಿಗೆ ರೇಡಿಯೋಥೆರಪಿಯ ಕೋಡ್ ಜೆಡ್51.0 ಜೊತೆಗೆ ಸಿ ಕೋಡ್ ಮುಂದುವರಿಯಬೇಕು. ಎಲ್ಲ ಚಿಕಿತ್ಸೆ ಮುಗಿದು ರೋಗದ ಕುರುಹಿಲ್ಲದೆ ತಪಾಸಣೆಗೆ ಬಂದವರಿಗೆ ಮರುತಪಾಸಣೆಯ ಜೆಡ್08, ಹಿಂದೆ ಕ್ಯಾನ್ಸರ್ ಇತ್ತೆನ್ನುವ ಜೆಡ್85.8. ಎರಡೂ ಕಡತಗಳಲ್ಲಿ ಇರುವುದು ಅದೇ ಮೂರಕ್ಷರ. ಹಾಗಾಗಿ ‘ಚಿಕಿತ್ಸೆ ನಡೆಯುತ್ತಿದೆ’ ಅಥವಾ ‘ಚಿಕಿತ್ಸೆ ಮುಗಿದಿದೆ, ಈಗ ರೋಗವಿಲ್ಲ’ ಎಂಬ ಎರಡರಲ್ಲೊಂದನ್ನು ಪೂರ್ತಿ ವಾಕ್ಯವಾಗಿ ಬರೆಯಿರೆಂದು ಪ್ರತಿ ಹೊಸ ತಂಡದ ಹೌಸ್ ಸರ್ಜನ್‌ಗಳಿಗೆ ಮೊದಲ ವಾರದಲ್ಲೇ ಹೇಳುತ್ತೇನೆ. ‘ತಂಬಾಕು +’ ಎಂದಿರುವಲ್ಲಿ ಏನನ್ನು, ಎಷ್ಟು ವರ್ಷಗಳಿಂದ, ಬಾಯಿಯ ಯಾವ ಬದಿಯಲ್ಲಿ ಇಟ್ಟುಕೊಳ್ಳುತ್ತಿದ್ದರು ಎಂಬುದನ್ನೂ ಕೇಳಿ ಬರೆಯಲು ಅದೇ ಹೊತ್ತಿನಲ್ಲಿ ವಿನಂತಿಸುತ್ತೇನೆ.