ಚೌತಿಗೆ ಮೊದಲು ಪಿಯು ಪಾಲಿಶ್ ಬೇಡ

ಶ್ರಾವಣ ಮುಗಿಯುತ್ತ ಬಂದಂತೆ ಶಿರಸಿಯ ನಮ್ಮ ಮರಗೆಲಸದ ಶೆಡ್ಡಿಗೆ ಒಂದೇ ಬಗೆಯ ಫೋನು ಶುರುವಾಗುತ್ತದೆ. ಮುಂಬೈ, ಬೆಂಗಳೂರಿನಿಂದ ಮಕ್ಕಳು ಬರುತ್ತಾರೆ, ಚೌತಿಯೊಳಗೆ ಹೆಬ್ಬಾಗಿಲು ಹೊಳೆಯಬೇಕು. ಕುಮಟಾದ ಅಕ್ಕನೂ ಕೇಳಿದ್ದಳು: "ಹಬ್ಬಕ್ಕೆ ಮೂರೇ ದಿನ ಇದ್ದು ತಮಾ, ಹೆಂಗಾದ್ರೂ ಮುಗ್ಸಿ ಕೊಡು." ಮಳೆಗಾಲದಲ್ಲಿ ಪಿಯು ಪಾಲಿಶ್ ಬೇಡವೆಂದೆ. ಅವಳು ಬೇರೆಯವರಿಂದ ಮಾಡಿಸಿದಳು. ಹಬ್ಬದ ಬೆಳಿಗ್ಗೆ ಹೋಗಿ ನೋಡಿದರೆ ಹಲಸಿನ ಬಾಗಿಲ ತುಂಬ ರಾಗಿಕಾಳಿನಷ್ಟು ಗುಳ್ಳೆಗಳು. ಉಗುರು ಒತ್ತಿದರೆ ಒಡೆದು ಸೂಜಿಮೊನೆಯಂಥ ತೂತು ಉಳಿಯುತ್ತಿತ್ತು. ಕೆಳಗಿನ ಅಡ್ಡಪಟ್ಟಿಯ ಮೇಲೆ ಮಜ್ಜಿಗೆ ಚೆಲ್ಲಿ ಒಣಗಿದ ಹಾಗೆ ಬಿಳಿ ಮಬ್ಬು. ಎಲ್ಲವನ್ನೂ ಕೆರೆದು ತೆಗೆಯಲು ನನಗೆ ನಾಲ್ಕು ದಿನ ಹಿಡಿಯಿತು.

ಗುಳ್ಳೆ ಏಕೆ ಬರುತ್ತದೆಂದು ತಿಳಿದರೆ ಉಳಿದ ಕೆಲಸ ಅರ್ಧ ಮುಗಿದ ಹಾಗೆ. ಪಿಯು ಎಂದರೆ ಪಾಲಿಯುರೆಥೇನ್. ಒಂದು ಡಬ್ಬಿಯಲ್ಲಿ ಪಾಲಿಯಾಲ್ ಎಂಬ ರಾಳ, ಇನ್ನೊಂದು ಸಣ್ಣ ಡಬ್ಬಿಯಲ್ಲಿ ಹಾರ್ಡನರ್, ಅಂದರೆ ಐಸೊಸಯನೇಟ್. ಎರಡೂ ಕೂಡಿದಾಗ ನಡುವೆ ಹುಟ್ಟುವ ಬೆಸುಗೆಗೆ ಯುರೆಥೇನ್ ಬಂಧ ಎನ್ನುತ್ತಾರೆ. ಈ ರಸಾಯನ ಕ್ರಿಯೆಯನ್ನು 1937ರಲ್ಲಿ ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಒಟ್ಟೊ ಬಾಯರ್ ಮತ್ತು ಸಂಗಡಿಗರು ಕಂಡುಹಿಡಿದರು. ಚಪ್ಪಲಿಯ ಅಟ್ಟೆ, ಫ್ರಿಜ್ಜಿನ ಗೋಡೆಯೊಳಗಿನ ಫೋಮ್, ನಾವು ಮಲಗುವ ಹಾಸಿಗೆ ಎಲ್ಲವೂ ಇದೇ ಕುಲದವು. ಹಾಸಿಗೆಯ ಫೋಮ್ ಮಾಡುವಾಗ ಬೇಕೆಂದೇ ನೀರು ಸೇರಿಸುತ್ತಾರೆ. ಐಸೊಸಯನೇಟಿಗೆ ನೀರು ತಾಗಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಇಡೀ ಮಿಶ್ರಣ ಉಬ್ಬುತ್ತದೆ. ಒದ್ದೆ ಬಾಗಿಲಿನ ಮೇಲೆ ನಡೆಯುವುದೂ ಅದೇ.

ಯುರೆಥೇನ್ ಎಂಬ ಹೆಸರು ಕೇಳಿ ಕ್ಯಾನ್ಸರ್ ಬಂದೀತೆಂದು ಹೆದರುವವರಿದ್ದಾರೆ, ಆ ಭಯವನ್ನೂ ಇಲ್ಲೇ ಬಿಡಿಸುತ್ತೇನೆ. ಬರೀ ಯುರೆಥೇನ್ ಎಂಬ ಹೆಸರಿನ ಬೇರೆ ವಸ್ತು ಇದೆ, ಈಥೈಲ್ ಕಾರ್ಬಮೇಟ್ ಎಂಬ ಬಿಳಿ ಹರಳು. ಪ್ರಯೋಗಾಲಯದ ಪ್ರಾಣಿಗಳಿಗೆ ಅರಿವಳಿಕೆಯಾಗಿ ಅದನ್ನು ಬಳಸುತ್ತ ಬಂದಿದ್ದಾರೆ. ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಯಲ್ಲಿ ಅದಿದೆ. ನಿಮ್ಮ ಬಾಗಿಲಿನ ಪಾಲಿಶ್ ಅದರಿಂದ ಮಾಡಿದ್ದಲ್ಲ, ಒಣಗಿದ ಮೇಲೆ ಅದಾಗುವುದೂ ಇಲ್ಲ. ಹೆದರಬೇಕಾದದ್ದು ಹಾರ್ಡನರ್‌ಗೆ. ಅದರ ವಿಷಯ ಮುಂದೆ ಬರುತ್ತದೆ.

1. ಕಾಲ. ದೀಪಾವಳಿ ಕಳೆದ ಮೇಲೆ ಶುರುಮಾಡಿ, ಯುಗಾದಿಯೊಳಗೆ ಮುಗಿಸಿ. ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಜನವರಿಯೇ ಸರಿ, ಫಾಲ್ಗುಣದಲ್ಲಿ ಕೆಲಸದವರು ಸಿಗುವುದಿಲ್ಲ.

2. ಹಳೆಯದನ್ನು ತೆಗೆಯುವುದು. ಹಳೇ ಮನೆಗಳ ಬಾಗಿಲಿಗೆ, ಕಂಬಕ್ಕೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಬಳಿದಿರುತ್ತಾರೆ. ಅದರ ಮೇಲೆ ಪಿಯು ಹಿಡಿಯುವುದಿಲ್ಲ, ಹಾಳೆಯಂತೆ ಎದ್ದುಬರುತ್ತದೆ. 80 ನಂಬರಿನ ಒರಟು ಉಪ್ಪು ಕಾಗದದಿಂದ ಹೊಸ ಮರ ಕಾಣುವವರೆಗೂ ಉಜ್ಜಿ, ಆಮೇಲೆ ನಯವಾಗುತ್ತ ಹೋಗುವ 120, 180, 220. ಕಾರವಾರ, ಅಂಕೋಲಾದಲ್ಲಿ ಕಡಲಿಗೆ ಮುಖ ಮಾಡಿದ ಬಾಗಿಲಾದರೆ ಉಜ್ಜುವ ಮೊದಲೇ ಸಿಹಿನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ. ಮರದ ಮೇಲೆ ಕೂತ ಉಪ್ಪು ಗಾಳಿಯ ಪಸೆಯನ್ನು ಹೀರಿಕೊಳ್ಳುತ್ತಲೇ ಇರುತ್ತದೆ.

3. ಒಣಗಿಸುವುದು. ಎಲ್ಲರೂ ಎಡವುವುದು ಇಲ್ಲಿ. ಕೈಯಿಂದ ಮುಟ್ಟಿ "ಒಣಗಿದೆ" ಎನ್ನುತ್ತಾರೆ. ಮೇಲ್ಮೈ ಒಣಗಿರುತ್ತದೆ, ಒಳಗೆ ಆಷಾಢದ ನೀರು ಹಾಗೇ ಇರುತ್ತದೆ. ಬಾಗಿಲನ್ನು ಬಿಜಾಗರಿಯಿಂದ ಬಿಚ್ಚಿ. ಜಗುಲಿಯ ನೆರಳಲ್ಲಿ, ಎರಡೂ ಕಡೆ ಗಾಳಿಯಾಡುವಂತೆ, ಕೆಳಗೆ ಎರಡು ರೀಪು ಕೊಟ್ಟು ನಿಲ್ಲಿಸಿ. ಅಂಗಳದ ಬಿಸಿಲಿಗೆ ಒಡ್ಡಿದರೆ ಹಲಗೆ ಸೀಳುತ್ತದೆ. ಕನಿಷ್ಠ ಮೂರು ವಾರ ಬಿಡಿ. ಬಾಗಿಲಿನ ಅಡಿಯಂಚನ್ನು ಮರೆಯಬೇಡಿ. ದಿನಾ ಹೊಸಿಲು ತೊಳೆದು ರಂಗೋಲಿ ಹಾಕುವಾಗ ನೀರು ಕುಡಿಯುವುದು ಆ ಅಂಚು, ಕೊನೆಗೆ ಒಣಗುವುದೂ ಅದೇ. ಅಕ್ಕನ ಬಾಗಿಲಿನ ಬಿಳಿ ಮಬ್ಬು ಅಡಿಯಿಂದಲೇ ಎದ್ದಿತ್ತು.

ತೇವಾಂಶ ಅಳೆಯುವ ಮೀಟರ್ ಇದ್ದರೆ ಅಡಿಯಂಚಿನ ಹತ್ತಿರ ಚುಚ್ಚಿ ನೋಡಿ. ಶೇಕಡಾ 12ರ ಆಸುಪಾಸು ಬಂದರೆ ಹಚ್ಚಬಹುದು. 16 ತೋರಿಸಿದರೆ ಯಾರು ಎಷ್ಟು ಅವಸರ ಮಾಡಿದರೂ ಡಬ್ಬಿಯ ಮುಚ್ಚಳ ತೆಗೆಯಬೇಡಿ. ಮೀಟರ್ ಇಲ್ಲದಿದ್ದರೆ ಬಾಗಿಲಿನಷ್ಟೇ ದಪ್ಪದ, ಅದೇ ಜಾತಿಯ, ಅಷ್ಟೇ ಒದ್ದೆಯಿರುವ ಒಂದು ತುಂಡನ್ನು ಪಕ್ಕದಲ್ಲಿಟ್ಟು ಎರಡು ದಿನಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಿತೆಂದರೆ ಆ ಹವೆಗೆ ಎಷ್ಟು ಒಣಗಬಹುದೋ ಅಷ್ಟು ಒಣಗಿದೆ. ಮಳೆಗಾಲದಲ್ಲಿ ಈ ಲೆಕ್ಕ ನಡೆಯದು, ಗಾಳಿಯಲ್ಲೇ ನೀರಿರುತ್ತದೆ.

4. ಬೆರೆಸುವುದು. ಡಬ್ಬಿಯ ಮೇಲೆ ಬರೆದ ಪ್ರಮಾಣವನ್ನು ಅಳತೆ ಲೋಟದಲ್ಲಿ ಅಳೆಯಿರಿ. "ಹಾರ್ಡನರ್ ಸ್ವಲ್ಪ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ" ಎಂಬ ಮಾತಿಗೆ ಕಿವಿಗೊಡಬೇಡಿ, ಪದರ ಪೆಡಸಾಗಿ ಸಿಡಿಯುತ್ತದೆ. ಥಿನ್ನರ್ ಆ ಪಿಯುಗೆಂದೇ ಬರುವುದೇ ಆಗಬೇಕು. ನೀರಿನ ಬಾಟಲಿಗೆ ತುಂಬಿ ಅಗ್ಗಕ್ಕೆ ಕೊಡುವ ಲೂಸ್ ಥಿನ್ನರ್ ಕೊಳ್ಳಲೇಬೇಡಿ. ಅಂಥದರಲ್ಲಿ ಆಲ್ಕೊಹಾಲ್ ಬೆರೆತಿದ್ದರೆ ಅದು ಹಾರ್ಡನರ್ ಅನ್ನು ತಿಂದುಹಾಕಿ ಪಾಲಿಶ್ ವಾರವಾದರೂ ಅಂಟುತ್ತಲೇ ಇರುತ್ತದೆ. ಒಂದೇ ಡಬ್ಬಿಯಲ್ಲಿ "ಪಿಯು" ಎಂದು ಮಾರುವವು ಬಹುಪಾಲು ಎಣ್ಣೆ ಬೆರೆತ ವಾರ್ನಿಷ್. ಕಿಟಕಿಗೆ ಸಾಕು, ಹೆಬ್ಬಾಗಿಲಿಗೆ ಸಾಲದು. ಬಿಸಿಲು ಬೀಳುವ ಬಾಗಿಲಾದರೆ ಎಕ್ಸ್‌ಟೀರಿಯರ್ ಎಂದು ಬರೆದದ್ದನ್ನೇ ತನ್ನಿ, ಒಳಬಾಗಿಲಿನದು ಹಳದಿಗಟ್ಟುತ್ತದೆ. ನಿಧಾನ ಕಲಸಿ ಹತ್ತು ನಿಮಿಷ ಬಿಡಿ, ತೆಳು ಬಟ್ಟೆಯಲ್ಲಿ ಸೋಸಿ.

5. ಹಚ್ಚುವುದು. ಇಬ್ಬನಿ ಆರಿದ ಮೇಲೆ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ. ಮನೆಯಲ್ಲಿ ಸ್ಪ್ರೇ ಗನ್ ಬೇಡ, ಬ್ರಷ್ ಸಾಕು. ಗನ್ನಿನಿಂದ ಹಾರುವ ಹನಿಯಲ್ಲಿ ಐಸೊಸಯನೇಟ್ ಇರುತ್ತದೆ, ಬಟ್ಟೆಯ ಮಾಸ್ಕ್ ಅದನ್ನು ತಡೆಯದು. ಅದರಿಂದ ಒಮ್ಮೆ ದಮ್ಮು ಹಿಡಿದವರಿಗೆ ಆಮೇಲೆ ಅದರ ಸ್ವಲ್ಪ ವಾಸನೆಯೂ ಆಗಿಬರುವುದಿಲ್ಲ. ದಮ್ಮಿನವರನ್ನು, ಮಕ್ಕಳನ್ನು ಎರಡು ದಿನ ಬೇರೆ ಮನೆಗೆ ಕಳಿಸಿ. ನೀವು ಕೈಗವಸು ಹಾಕಿಕೊಳ್ಳಿ, ಹಣೆಗೆ ಟವೆಲ್ ಕಟ್ಟಿಕೊಳ್ಳಿ. ಒಂದು ಹನಿ ಬೆವರು ಬಿದ್ದ ಜಾಗದಲ್ಲಿ ಒಂದು ಗುಳ್ಳೆ ಏಳುತ್ತದೆ. ಪದರ ತೆಳುವಾಗಿರಲಿ. ದಪ್ಪ ಎರಡರ ಬದಲು ತೆಳು ನಾಲ್ಕು ಹಚ್ಚಿ, ನಡುವೆ 320ರ ಕಾಗದ. ಅಡಿಯಂಚಿಗೂ ನೆತ್ತಿಗೂ ಹಚ್ಚಿಯೇ ಬಾಗಿಲನ್ನು ತಿರುಗಿ ಏರಿಸಿ. ನನ್ನನ್ನು ಕೇಳಿದರೆ ಹೊಳಪು ಕಡಿಮೆಯಿರುವ ಮ್ಯಾಟ್ ಪಾಲಿಶನ್ನೇ ಆರಿಸಿಕೊಳ್ಳಿ.

6. ಏಳು ದಿನ ತೋರಣ, ಟೇಪು, ಒದ್ದೆ ಬಟ್ಟೆ ತಾಗಿಸಬೇಡಿ.

ಉಳಿದ ಹಾರ್ಡನರ್ ಅನ್ನು ಮುಂದಿನ ವರ್ಷಕ್ಕೆಂದು ಎತ್ತಿಡುವವರಿದ್ದಾರೆ. ಮುಚ್ಚಳ ತೆಗೆದಾಗಲೇ ನಮ್ಮೂರ ಗಾಳಿ ಒಳಗೆ ಹೊಕ್ಕಿರುತ್ತದೆ, ಡಬ್ಬಿಯೊಳಗೇ ಅನಿಲ ಹುಟ್ಟುತ್ತದೆ. ಅಟ್ಟದ ಮೇಲೆ ತಳ ಉಬ್ಬಿದ ಡಬ್ಬಿ ಸಿಕ್ಕರೆ ಮುಖದ ಹತ್ತಿರ ಹಿಡಿದು ಮೀಟಬೇಡಿ. ಮಕ್ಕಳ ಕೈಗೆ ಸಿಗದಂತೆ ಹೊರಗೆ ನೆರಳಲ್ಲಿಟ್ಟು, ಪಾಲಿಶ್ ಕೆಲಸ ಬಲ್ಲವರನ್ನು ಕರೆಸಿ.