ಅವರೆ ತಳಿ ಆರಿಸುವ ಮೊದಲು ತಿಂಗಳು ನೋಡಿ

ಪ್ರತಿ ವರ್ಷ ಮೇ ತಿಂಗಳ ಹೊತ್ತಿಗೆ ಪರಿಚಯದವರಲ್ಲಿ ಯಾರಾದರೊಬ್ಬರು ಒಂದು ಫೋಟೊ ಕಳುಹಿಸುತ್ತಾರೆ. ಮಹಡಿಯ ಕಂಬಿಗಳನ್ನೆಲ್ಲ ಮುಚ್ಚಿ ಹಬ್ಬಿದ ಅವರೆ ಬಳ್ಳಿ, ಅಂಗೈಯಗಲದ ಎಲೆಗಳು. ಹೂವು ಮಾತ್ರ ಒಂದೂ ಇಲ್ಲ. ಸಂಕ್ರಾಂತಿಗೆ ಊರಿಗೆ ಹೋದಾಗ ತಂದ ಬೀಜ, ಬಂದ ವಾರವೇ ಬಿತ್ತಿದ್ದು, ಈಗ ಯಾವ ಗೊಬ್ಬರ ಕೊಡಬೇಕು ಎಂದು ಕೇಳುತ್ತಾರೆ. ಅದು ಗೊಬ್ಬರದಿಂದ ಆಗುವ ಕೆಲಸವಲ್ಲ. ಗಿಡ ಆರೋಗ್ಯವಾಗಿದೆ, ಮಣ್ಣೂ ಚೆನ್ನಾಗಿದೆ. ತಳಿಗೂ ತಿಂಗಳಿಗೂ ಕೂಡಿಬಂದಿಲ್ಲ, ಅಷ್ಟೆ. ಉತ್ತರ ಸಿಗುವ ಮೊದಲೇ ಬೇಸರದಿಂದ ಬಳ್ಳಿಯನ್ನು ಕಿತ್ತೆಸೆದವರನ್ನು ಬಹಳ ಕಂಡಿದ್ದೇನೆ. ಮುಂಗಾರಿನ ಬಿತ್ತನೆಗೆ ಮುಂಚೆ ಈ ಲೇಖನ ಅವರ ಕೈ ಸೇರಲಿ.

ಕಾಯಿಗೋ, ಕಾಳಿಗೋ?

ಚಪ್ಪರದವರೆ ಮತ್ತು ಹೊಲದ ಅವರೆ ಎರಡೂ ಒಂದೇ ಜಾತಿಯ ಗಿಡಗಳು. ಅಡುಗೆಮನೆಯಲ್ಲಿ ಮಾತ್ರ ಬೇರೆ ಬೇರೆ. ಚಪ್ಪರದವರೆಯನ್ನು ಸಿಪ್ಪೆ ಸಮೇತ ಹೆಚ್ಚಿ ಪಲ್ಯ ಮಾಡುತ್ತೇವೆ. ಹೊಲದ ಅವರೆಯನ್ನು ಬಿಡಿಸಿ ಕಾಳನ್ನು ಸಾರಿಗೋ ಉಪ್ಪಿಟ್ಟಿಗೋ ಹಾಕುತ್ತೇವೆ, ನೆನೆಸಿ ಹಿದುಕುತ್ತೇವೆ. ಕಾಯಿ ನೋಡಿ ಗುರುತಿಸುವುದು ಸುಲಭ. ಎಳೆಗಾಯಿಯನ್ನು ಉದ್ದಕ್ಕೆ ಸೀಳಿ ಸಿಪ್ಪೆಯ ಒಳಮೈಯನ್ನು ಉಗುರಿನಿಂದ ಕೆರೆಯಿರಿ. ಬಟರ್ ಪೇಪರಿನಂಥ ಗಟ್ಟಿ ಪೊರೆ ಎದ್ದು ಬಂದರೆ ಅದು ಕಾಳಿನ ತಳಿ, ಎಷ್ಟು ಬೇಯಿಸಿದರೂ ಸಿಪ್ಪೆ ನಾರಾಗಿಯೇ ಉಳಿಯುತ್ತದೆ. ಪೊರೆಯಿಲ್ಲದೆ ಮೆದುವಾದ ತಿರುಳಿದ್ದರೆ ಪಲ್ಯದ ತಳಿ. ಬೀಜ ಕೊಡುವವರ ಮನೆಯಲ್ಲಿ ಹಸಿಕಾಯಿ ಇದ್ದರೆ ಈ ಪರೀಕ್ಷೆಯನ್ನು ಅಲ್ಲಿಯೇ ಮಾಡಿಬಿಡಿ.

ಜಾಗದ ವಿಷಯ ಒಂದೇ ಮಾತು: ಚಪ್ಪರ ಹಾಕುವ ಅನುಕೂಲವಿದ್ದರೆ ಬಳ್ಳಿ, ಕುಂಡವಾದರೆ ಪೊದೆ.

ತಿಂಗಳು ಯಾವುದು?

ಎಲ್ಲರೂ ಎಡವುವುದು ಇಲ್ಲಿ. ನಮ್ಮ ನಾಡತಳಿಯ ಅವರೆ ಚಿಕ್ಕ ಹಗಲಿನ ಗಿಡ. ಹಗಲು ಕುಗ್ಗಿ ರಾತ್ರಿ ಬೆಳೆದ ಮೇಲೆಯೇ ಅದರಲ್ಲಿ ಮೊಗ್ಗು ಮೂಡುವುದು. ಬೆಂಗಳೂರಿನಲ್ಲಿ ಜೂನ್ ಕೊನೆಯ ವಾರದ ಹಗಲು ಸುಮಾರು 12 ಗಂಟೆ 50 ನಿಮಿಷ. ಡಿಸೆಂಬರ್ ಕೊನೆಗೆ ಅದು 11 ಗಂಟೆ 20 ನಿಮಿಷದ ಆಸುಪಾಸಿಗೆ ಇಳಿಯುತ್ತದೆ. ನಮ್ಮ ಗಮನಕ್ಕೇ ಬಾರದ ಈ ಒಂದೂವರೆ ಗಂಟೆಯನ್ನು ಅವರೆಯ ಎಲೆ ಲೆಕ್ಕವಿಡುತ್ತದೆ. ಫೆಬ್ರುವರಿಯಲ್ಲಿ ಬಿತ್ತಿದ ನಾಡ ಅವರೆ ಬೇಸಿಗೆಯಿಡೀ ಮಳೆಗಾಲವಿಡೀ ಹಬ್ಬುತ್ತಲೇ ಇದ್ದು, ದಸರೆ ಸುಮಾರಿಗೆ ಹೂ ತೆಗೆಯುತ್ತದೆ. ಎಂಟು ತಿಂಗಳು ನೀರು ಹೊತ್ತು ಕಾಯುವ ತಾಳ್ಮೆ ಯಾರಿಗಿರುತ್ತದೆ?

ಹಳೇ ಮೈಸೂರು ಸೀಮೆಯ ರೈತರಿಗೆ ಈ ಲೆಕ್ಕ ಅಂಗೈಯ ಗೆರೆಯಷ್ಟು ಪರಿಚಿತ. ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ ಅವರೆ ಹಾಕುತ್ತಾರೆ. ರಾಗಿ ಬೆಳೆಯುವಷ್ಟು ದಿನ ಅವರೆ ಅದರ ನಡುವೆ ತಗ್ಗಿಕೊಂಡಿರುತ್ತದೆ. ರಾಗಿ ಕೊಯ್ಲಾದ ಮೇಲೆ ಹೊಲವೆಲ್ಲ ಅವರೆಯದೇ. ಹಗಲೂ ಕುಗ್ಗಿರುತ್ತದೆ, ಇಬ್ಬನಿಯೂ ಬೀಳುತ್ತಿರುತ್ತದೆ.

ಆದ್ದರಿಂದ ನನ್ನ ಸಲಹೆ ಖಚಿತ. ಜೂನ್ ನಡುವಿನಿಂದ ಆಗಸ್ಟ್ ಕೊನೆಯೊಳಗೆ ಬಿತ್ತುವವರು ನಾಡತಳಿಯನ್ನೇ ಹಾಕಿ. ಮಾಗಡಿ, ರಾಮನಗರ, ಕೋಲಾರದ ಕಡೆಯ ಸೊಗಡವರೆ ಸಿಕ್ಕರೆ ಬೇರೆ ಯಾವುದನ್ನೂ ಹುಡುಕಬೇಡಿ. ಆ ಕಾಯಿಯ ಸಿಪ್ಪೆಯ ಮೇಲೆ ಎಣ್ಣೆಯಂಥ ಜಿಡ್ಡು ಇರುತ್ತದೆ, ಸೊಗಡು ಇರುವುದು ಅದರಲ್ಲಿಯೇ. ಬೆಳಿಗ್ಗೆ ಒಂದು ಮೊರ ಕಾಯಿ ಬಿಡಿಸಿದರೆ ಬೆರಳು ಅಂಟಂಟಾಗುತ್ತದೆ, ಸೋಪು ಹಾಕಿ ತೊಳೆದರೂ ಮಧ್ಯಾಹ್ನದ ಊಟಕ್ಕೆ ಕೂತಾಗ ಕೈಯಲ್ಲಿ ಘಮ ಇರುತ್ತದೆ.

ಉಳಿದ ತಿಂಗಳುಗಳಲ್ಲಿ ಬಿತ್ತುವವರಿಗೆ ಹಗಲಿನ ಉದ್ದಕ್ಕೆ ಕಾಯದ ತಳಿಗಳೇ ಬೇಕು. ಕಾಳಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4 ಇವೆ. ಅಂಗಡಿಗಳಲ್ಲಿ ಎಚ್‌ಎ-3, ಎಚ್‌ಎ-4 ಎಂದು ಕೇಳಿ. ಎರಡೂ ಗಿಡ್ಡ ಪೊದೆಗಳು, ಬಿತ್ತಿ ಒಂದೂವರೆ ತಿಂಗಳಿಗೆ ಹೂವಿಗೆ ಬರುತ್ತವೆ. ಎರಡರಲ್ಲಿ ನನ್ನ ಆಯ್ಕೆ ಎಚ್‌ಎ-4. ಅದರ ಕಾಯಿಗೆ ಸೊಗಡು ಇದೆ. ಎಚ್‌ಎ-3 ಸಪ್ಪೆ ಎನಿಸುತ್ತದೆ. ಪಲ್ಯಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ಇವೆ. ಎರಡಡಿಯಿಂದ ಎರಡೂವರೆ ಅಡಿ ಎತ್ತರಕ್ಕೆ ನಿಲ್ಲುವುದರಿಂದ ಕುಂಡಕ್ಕೆ ಇವು ಹೇಳಿ ಮಾಡಿಸಿದಂಥವು. ಬಳ್ಳಿಯೂ ಹಬ್ಬಬೇಕು, ಹಗಲಿನ ಹಂಗೂ ಇರಬಾರದು ಎನ್ನುವವರಿಗೆ ಅದೇ ಸಂಸ್ಥೆಯ ಅರ್ಕಾ ಸ್ವಾಗತ್. ಆದರೂ ಮಾರ್ಚ್, ಏಪ್ರಿಲ್‌ನ ಸುಡು ಬಿಸಿಲಿಗೆ ಇವೂ ಹೂ ಉದುರಿಸುತ್ತವೆ. ಆಗ ಹಸಿರು ನೆರಳುಬಲೆ ಕಟ್ಟಿದರೆ ಒಳ್ಳೆಯದು.

ಸರಿಯಾದ ತಿಂಗಳಿನಲ್ಲಿ ನಾಡತಳಿ ಬಿತ್ತಿಯೂ ಹೂ ತಡವಾದರೆ ಎರಡು ಕಡೆ ನೋಡಿ. ಒಂದು, ಬೀದಿದೀಪ. ರಾತ್ರಿಯಿಡೀ ಬೆಳಕು ಬೀಳುವ ಜಾಗದಲ್ಲಿ ಚಿಕ್ಕ ಹಗಲಿನ ಗಿಡಕ್ಕೆ ರಾತ್ರಿ ಉದ್ದವಾದದ್ದು ಗೊತ್ತಾಗುವುದಿಲ್ಲ; ಅಂಥ ಕಡೆ ಎಚ್‌ಎ-4 ಹಾಕುವುದೇ ಲೇಸು. ಇನ್ನೊಂದು, ಗೊಬ್ಬರದ ಅತಿ. ಅವರೆ ತನ್ನ ಬೇರಿನ ಗಂಟುಗಳಲ್ಲಿ ಸಾರಜನಕವನ್ನು ತಾನೇ ಕೂಡಿಸಿಕೊಳ್ಳುತ್ತದೆ. ಅದರ ಮೇಲೆ ಯೂರಿಯಾ ಸುರಿದರೆ ಎಲೆಯಷ್ಟೇ ಕೊಬ್ಬುತ್ತದೆ. ‘ಹೂ ಬರಿಸುವ ಟಾನಿಕ್’ ಎಂದು ಬಾಟಲಿಯಲ್ಲಿ ಮಾರುವ ದ್ರಾವಣಗಳಿಗೆ ದುಡ್ಡು ದಂಡ ಮಾಡಬೇಡಿ. ಬಿತ್ತನೆಗೆ ಮುಂಚೆ ಒಂದು ಬೊಗಸೆ ಕೊಟ್ಟಿಗೆ ಗೊಬ್ಬರ ಹಾಕಿದರೆ ಸಾಕು.

ಆನ್‌ಲೈನ್ ಮಳಿಗೆಗಳಲ್ಲಿ ಸ್ಕಾರ್ಲೆಟ್ ರನ್ನರ್ ಬೀನ್ಸ್‌ನ ಕೆಂಪು ಹೂವು ನೋಡಿ ಮರುಳಾಗುವವರೂ ಇದ್ದಾರೆ. ಅದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಎತ್ತರದ ತಂಪು ಸೀಮೆಯ ಬಳ್ಳಿ. ನಮ್ಮ ಬಯಲುಸೀಮೆಯ ಸೆಖೆಯಲ್ಲಿ ಹೂವು ಕಾಯಿಗಟ್ಟದೆ ಉದುರುತ್ತದೆ. ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಧಾರಾಳವಾಗಿ ಬೆಳೆಯಲಿ, ಅಲ್ಲಿ ಅದು ಪ್ರತಿ ಹಿತ್ತಲಿನ ಬೆಳೆ. ಅವರು ಊರಿನಿಂದ ಒಯ್ದ ಸೊಗಡವರೆಯನ್ನು ಅಲ್ಲಿ ಬಿತ್ತುವುದು ಮಾತ್ರ ಬೇಡ. ಅಲ್ಲಿನ ಹಗಲು ಕುಗ್ಗಿ ಮೊಗ್ಗು ಮೂಡುವ ಹೊತ್ತಿಗೆ ಚಳಿ ಬಂದು ಬಳ್ಳಿಯನ್ನು ಕೊಲ್ಲುತ್ತದೆ.

ಕರಾವಳಿಯ ಓದುಗರಿಗೆ ಅಲಸಂಡೆ ಇದ್ದೇ ಇದೆ. ಮೊಳಕ್ಕೂ ಮಿಕ್ಕಿದ ಕಾಯಿ ಬೇಕಿದ್ದರೆ ಅರ್ಕಾ ಮಂಗಳಾ ಬಿತ್ತಿ.

ಬೀಜ ಕೊಳ್ಳುವಾಗ

ಪೊಟ್ಟಣದ ಮೇಲೆ ಬರೀ ‘ಅವರೆ’ ಎಂದಿದ್ದರೆ ಅಲ್ಲಿಯೇ ಬಿಟ್ಟು ಬನ್ನಿ. ತಳಿಯ ಹೆಸರು, ಮೊಳಕೆಯ ಶೇಕಡಾವಾರು, ಪರೀಕ್ಷೆಯ ದಿನಾಂಕ ಮೂರೂ ಇರಬೇಕು. ನೀಲಿ ಚೀಟಿ ಇದ್ದರೆ ಅದು ಸರ್ಕಾರಿ ಏಜೆನ್ಸಿ ಪ್ರಮಾಣೀಕರಿಸಿದ ಬೀಜ. ತಿಳಿ ಹಸಿರು ಚೀಟಿ ಎಂದರೆ ಉತ್ಪಾದಕರು ತಾವೇ ಕೊಟ್ಟ ಭರವಸೆ. ಇಪ್ಪತ್ತು ಬಗೆ ತರಕಾರಿಯ ಬೀಜವನ್ನು ಒಂದೇ ಕಟ್ಟಿನಲ್ಲಿ ಮಾರುವ ‘ಕಾಂಬೊ’ಗಳಲ್ಲಿ ಅವರೆ ಬೀಜ ಐದೋ ಆರೋ ಇರುತ್ತವೆ, ತಳಿ ಯಾವುದೆಂದು ಬರೆದಿರುವುದಿಲ್ಲ. ಅವುಗಳಿಂದ ದೂರವಿರಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿಮೇಳದಲ್ಲಿ ಅಥವಾ ಹೆಸರಘಟ್ಟದ ಸಂಸ್ಥೆಯ ಮಾರಾಟ ಕೇಂದ್ರದಲ್ಲಿ ಕೊಂಡರೆ ಹೆಸರಿಗೂ ಬೀಜಕ್ಕೂ ತಾಳೆಯಿರುತ್ತದೆ. ಬೀಜ ಗುಲಾಬಿ ಬಣ್ಣದ್ದಾಗಿದ್ದರೆ ಅದಕ್ಕೆ ಶಿಲೀಂಧ್ರನಾಶಕ ಸವರಿರುತ್ತಾರೆ. ಮಕ್ಕಳ ಕೈಗೆ ಸಿಗದಂತೆ ಇಡಿ, ಉಳಿದದ್ದನ್ನು ಬೇಯಿಸಬೇಡಿ.

ಹಳೆಯ ಬೀಜವಾದರೆ ಹತ್ತನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಐದು ದಿನದಲ್ಲಿ ಏಳಾದರೂ ಮೊಳೆಯಬೇಕು. ಬಿತ್ತನೆ ಸುಲಭ: ಒಂದು ಇಂಚು ಆಳ, ಗುಳಿಗೆ ಮೂರು ಬೀಜ, ಮೊಳೆತ ಮೇಲೆ ಬಲವಾದ ಒಂದನ್ನು ಉಳಿಸಿ. ರಾತ್ರಿಯಿಡೀ ನೆನೆಸಿ ಬಿತ್ತುವ ಅಭ್ಯಾಸ ಬಿಡಿ, ನೀರು ಕುಡಿದು ಬಿರಿದ ಬೀಜ ಮಳೆಗಾಲದ ಮಣ್ಣಿನಲ್ಲಿ ಕೊಳೆಯುತ್ತದೆ. ಹೂಗೊಂಚಲಿಗೆ ಕಪ್ಪು ಹೇನು ಮುತ್ತಿದರೆ ನೀರನ್ನು ರಭಸವಾಗಿ ಚಿಮ್ಮಿಸಿ ತೊಳೆಯಿರಿ, ಮತ್ತೆ ಬಂದರೆ ಬೇವಿನೆಣ್ಣೆ ಸಿಂಪಡಿಸಿ.

ಮುಂದಿನ ವರ್ಷದ ಆಯ್ಕೆಯನ್ನು ಈ ವರ್ಷದ ಬಳ್ಳಿಯಲ್ಲಿಯೇ ಮಾಡಬಹುದು. ಎಲ್ಲಕ್ಕಿಂತ ಮೊದಲು ಹೂ ಬಿಟ್ಟ, ಕಾಯಿ ತಿಕ್ಕಿದಾಗ ಘಮ ಹೆಚ್ಚಿರುವ ಬಳ್ಳಿಗೆ ಒಂದು ಕೆಂಪು ದಾರ ಕಟ್ಟಿ. ಅದರ ಮೊದಲ ಗೊಂಚಲುಗಳನ್ನು ಅಡುಗೆಗೆ ಕೀಳದೆ ಬಳ್ಳಿಯಲ್ಲಿಯೇ ಒಣಗಲು ಬಿಡಿ. ಬಿಡಿಸಿದ ಬೀಜವನ್ನು ಬಿಸಿಲಿಗೆ ಹಾಕಿ, ಕೆಮ್ಮಣ್ಣಿನ ರಾಡಿಯಲ್ಲಿ ಹೊರಳಿಸಿ, ಮತ್ತೆ ಒಣಗಿಸಿ ಡಬ್ಬಿಗೆ ತುಂಬಿ. ಮಣ್ಣಿನ ಹೊದಿಕೆ ಇದ್ದರೆ ಹುಳು ಹಿಡಿಯುವುದು ಕಡಿಮೆ. ಡಬ್ಬಿಯ ಮೇಲೆ ತಳಿಯ ಹೆಸರಿನ ಜೊತೆ ಬಿತ್ತುವ ತಿಂಗಳನ್ನೂ ಬರೆದಿಡಿ.