ಹಳೆಯ ಮಸ್ಟ್ಯಾಂಗಿಗೆ ಎಕ್ಸ್‌ಪ್ಲೋರರ್ ಆಕ್ಸಲ್: ನನ್ನ ಅನುಭವ

ನನ್ನ 1968ರ ಫೋರ್ಡ್ ಮಸ್ಟ್ಯಾಂಗಿನ ಹಿಂದಿನ ಆಕ್ಸಲ್‌ನಿಂದ ಎಂಜಿನ್ನಿನ ಬಲವನ್ನು ಎರಡು ಹಿಂಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಗಡ್ಡೆಯನ್ನು ಹೊರಗೆಳೆದು ಗ್ಯಾರೇಜಿನ ನೆಲದ ಮೇಲಿಟ್ಟಾಗ, ಅದರ ಬಳೆಯಾಕಾರದ ದೊಡ್ಡ ರಿಂಗ್ ಗೇರಿನ ಮೂರು ಹಲ್ಲುಗಳು ಬುಡದವರೆಗೂ ಮುರಿದಿದ್ದುದು ಕಣ್ಣಿಗೆ ಬಿತ್ತು. ಸುರಿದ ಎಣ್ಣೆ ಮಸಿಯಂತಿತ್ತು. ತಟ್ಟೆಯ ತಳದಲ್ಲಿ ಬೆರಳಾಡಿಸಿದಾಗ ಹುಣಸೆ ಬೀಜದಷ್ಟು ದೊಡ್ಡದಾದ ಉಕ್ಕಿನ ತುಂಡೊಂದು ಸಿಕ್ಕಿತು. ಅದರ ಒಂದು ಮುಖ ಕನ್ನಡಿಯಂತೆ ಸವೆದಿತ್ತು, ಮುರಿದ ಇನ್ನೊಂದು ಮುಖ ಬೂದು ಬಣ್ಣಕ್ಕಿದ್ದು ಒರಟಾಗಿತ್ತು.

ಇದರಲ್ಲಿ ಆಕ್ಸಲ್‌ನ ತಪ್ಪೇನೂ ಇರಲಿಲ್ಲ. ಕಾರು ಕಾರ್ಖಾನೆಯಿಂದ ಬಂದಾಗ ಅದರಲ್ಲಿದ್ದದ್ದು 302 ಘನ ಇಂಚಿನ ವಿ-8 ಎಂಜಿನ್ ಮತ್ತು ಆ ಎಂಜಿನ್ನಿಗೆ ತಕ್ಕಂತಹ ಫೋರ್ಡ್ 8 ಇಂಚಿನ ಆಕ್ಸಲ್ (ಈ ಇಂಚಿನ ಲೆಕ್ಕ ರಿಂಗ್ ಗೇರಿನ ವ್ಯಾಸದ್ದು). ನಾನು ಅದೇ ಎಂಜಿನ್ನಿಗೆ ಉದ್ದ ಸ್ಟ್ರೋಕಿನ ಕ್ರ್ಯಾಂಕ್ ಹಾಕಿಸಿ 347 ಘನ ಇಂಚಿಗೆ ಏರಿಸಿದ್ದೆ. ಹಿಂದೆ ಟ್ರೆಮೆಕ್ ಟಿಕೆಓ-600 ಐದು ಗೇರಿನ ಪೆಟ್ಟಿಗೆಯನ್ನು ಕೂರಿಸಿದ್ದೆ. ಎಂಜಿನ್ ಕೊಡುವ ಸುಮಾರು 400 ಪೌಂಡ್-ಅಡಿ ಟಾರ್ಕ್ (ತಿರುಗುಬಲ), ಮೊದಲ ಗೇರಿನ 2.87 ಅನುಪಾತದಿಂದ ಗುಣಿಸಲ್ಪಟ್ಟು, ರಿಂಗ್ ಗೇರನ್ನು ತಿರುಗಿಸುವ ಸಣ್ಣ ಗೇರಾದ ಪಿನಿಯನ್ ತಲುಪುವ ಹೊತ್ತಿಗೆ ಸುಮಾರು 1,150 ಪೌಂಡ್-ಅಡಿ ಆಗುತ್ತದೆ. ಎತ್ತು ಬದಲಾಯಿಸಿ ಹಳೆಯ ಅಚ್ಚನ್ನೇ ಉಳಿಸಿಕೊಂಡಿದ್ದೆ, ಮುರಿಯಬೇಕಾದದ್ದು ಮುರಿಯಿತು.

ನಾನು ವಾಸಿಸುವುದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದ ಹೊರವಲಯದಲ್ಲಿ. ಬೆಳೆದದ್ದು ದಾವಣಗೆರೆಯ ಕಡೆ. ಇಲ್ಲಿ ಮಸ್ಟ್ಯಾಂಗ್ ಇಟ್ಟುಕೊಂಡವರನ್ನು ಗಟ್ಟಿ ಆಕ್ಸಲ್ ಯಾವುದೆಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಫೋರ್ಡ್ 9 ಇಂಚಿನದು ಎನ್ನುತ್ತಾರೆ, ಮತ್ತು ಅವರ ಮಾತು ಸುಳ್ಳಲ್ಲ. 1957ರಿಂದ ಮೂರು ದಶಕ ಕಾಲ ಫೋರ್ಡ್ ಕಂಪನಿ ತನ್ನ ಕಾರು ಮತ್ತು ಟ್ರಕ್ಕುಗಳಿಗೆ ಹಾಕಿದ ಆ ಆಕ್ಸಲ್‌ನಲ್ಲಿ ಪಿನಿಯನ್ನಿನ ಎರಡೂ ತುದಿಗಳಿಗೆ ಬೇರಿಂಗ್ ಆಸರೆಯಿದೆ, ಗೇರುಗಳಿರುವ ಗಡ್ಡೆ ಮುಂದಿನಿಂದ ಇಡಿಯಾಗಿ ಕಳಚಿ ಬರುತ್ತದೆ. ಆದರೆ ಹಳೆಯ 9 ಇಂಚಿನ ಆಕ್ಸಲ್‌ಗಳು ಗುಜರಿ ಅಂಗಳಗಳಿಂದ ಎಂದೋ ಮಾಯವಾಗಿವೆ. 1970ರ ದಶಕದ ಕೊನೆಯಲ್ಲಿ ಬಂದ ಲಿಂಕನ್ ವರ್ಸೈಲ್ಸ್ ಕಾರಿನ ಆಕ್ಸಲ್‌ಗೆ ಡಿಸ್ಕ್ ಬ್ರೇಕ್ ಇದ್ದುದರಿಂದ ಒಂದು ಕಾಲದಲ್ಲಿ ಎಲ್ಲರೂ ಅದನ್ನೇ ಹುಡುಕುತ್ತಿದ್ದರು. ಈಗ ಆ ಕಾರನ್ನು ನೋಡುವುದೇ ಅಪರೂಪ. ಡಿಸ್ಕ್ ಬ್ರೇಕ್ ಸಹಿತ ಹೊಸದಾಗಿ ಕಟ್ಟಿಕೊಡುವ 9 ಇಂಚಿನ ಆಕ್ಸಲ್‌ಗೆ ನನಗೆ ಸಿಕ್ಕ ಅತಿ ಕಡಿಮೆ ಬೆಲೆ 3,200 ಡಾಲರ್. ಎಂಜಿನ್ನಿಗೆ ಖರ್ಚು ಮಾಡಿದ ಮೇಲೆ ಅಷ್ಟು ಹಣ ನನ್ನಲ್ಲಿ ಉಳಿದಿರಲಿಲ್ಲ.

1986ರಿಂದ 1993ರವರೆಗಿನ ಮಸ್ಟ್ಯಾಂಗ್ ಜಿಟಿಯ 8.8 ಇಂಚಿನ ಆಕ್ಸಲ್ ಅಗ್ಗವಾಗಿ ಸಿಗುತ್ತದೆ. ಆದರೆ ಅದಕ್ಕೆ ಚಕ್ರ ಕೂರಿಸುವ ಬೋಲ್ಟುಗಳು ನಾಲ್ಕೇ, ಬ್ರೇಕು ಡ್ರಮ್ಮಿನದು, ಚಕ್ರ ತಿರುಗಿಸುವ ಅರ್ಧ ಶಾಫ್ಟುಗಳು 28 ಗಾಡಿಯವು. ಗಾಡಿ ಎಂದರೆ ಶಾಫ್ಟಿನ ಒಳತುದಿಯಲ್ಲಿ ಕೊರೆದ ಸ್ಪ್ಲೈನ್ ಗೀರುಗಳು. ಶಾಫ್ಟ್, ಬ್ರೇಕ್ ಎರಡನ್ನೂ ಹೊಸದಾಗಿ ಕೊಳ್ಳಬೇಕಾದ ಮೇಲೆ ಅಗ್ಗವೆಂಬ ಮಾತಿಗೆ ಅರ್ಥ ಉಳಿಯುವುದಿಲ್ಲ.

ಕೊನೆಗೆ ನನ್ನ ಗಮನ ನಿಂತದ್ದು 1995ರಿಂದ 2001ರವರೆಗಿನ ಫೋರ್ಡ್ ಎಕ್ಸ್‌ಪ್ಲೋರರ್ ವಾಹನದ 8.8 ಇಂಚಿನ ಆಕ್ಸಲ್ ಮೇಲೆ. ಈ ವರ್ಷಗಳ ಲೆಕ್ಕ ಮುಖ್ಯ. 1994ರವರೆಗಿನವಕ್ಕೆ ಹಿಂದೆ ಡ್ರಮ್ ಬ್ರೇಕ್, 2002ರ ನಾಲ್ಕು ಬಾಗಿಲಿನ ಮಾದರಿಯಿಂದ ಹಿಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಬಂದು ಗಟ್ಟಿ ಆಕ್ಸಲ್ಲೇ ಇಲ್ಲವಾಯಿತು. ನಡುವಿನ ಈ ಏಳು ವರ್ಷಗಳ ಆಕ್ಸಲ್‌ನಲ್ಲಿ ಡಿಸ್ಕ್ ಬ್ರೇಕ್ ಇದೆ, 31 ಗಾಡಿಯ ಶಾಫ್ಟುಗಳಿವೆ, ಚಕ್ರದ ಐದು ಬೋಲ್ಟುಗಳು ನನ್ನ ಮಸ್ಟ್ಯಾಂಗಿನಂತೆಯೇ 4.5 ಇಂಚಿನ ವೃತ್ತದಲ್ಲಿವೆ. ಗಾಡಿ ಎಂದರೆ ಶಾಫ್ಟಿನ ಒಳತುದಿಯಲ್ಲಿ ಕೊರೆದ ಸ್ಪ್ಲೈನ್ ಗೀರುಗಳು. 28 ಗಾಡಿಯ ಶಾಫ್ಟ್ ಸುಮಾರು 1.2 ಇಂಚು ದಪ್ಪವಿದ್ದರೆ 31 ಗಾಡಿಯದು ಸುಮಾರು 1.3 ಇಂಚು ದಪ್ಪ. ವ್ಯತ್ಯಾಸ ಅಲ್ಪವೆನಿಸಬಹುದು, ಆದರೆ ತಿರುಚುವ ಬಲವನ್ನು ತಡೆಯುವ ಶಕ್ತಿ ವ್ಯಾಸದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಅಷ್ಟೇ ದಪ್ಪ ಹೆಚ್ಚಾದರೂ ಶಾಫ್ಟಿನ ಬಲ ಕಾಲು ಭಾಗಕ್ಕಿಂತ ಹೆಚ್ಚು ಏರುತ್ತದೆ.

ಅಗಲವೂ ಹೊಂದಿತು. 1967ರಿಂದ 1970ರವರೆಗಿನ ಮಸ್ಟ್ಯಾಂಗಿನ ಹಿಂದಿನ ಆಕ್ಸಲ್, ಒಂದು ಚಕ್ರ ಕೂರುವ ಮುಖದಿಂದ ಇನ್ನೊಂದರವರೆಗೆ, ಸುಮಾರು 59.25 ಇಂಚು; ಎಕ್ಸ್‌ಪ್ಲೋರರ್‌ನದು ಸುಮಾರು 59.5 ಇಂಚು. ಒಂದೊಂದು ಬದಿಗೆ ಮೂರು ಮಿಲಿಮೀಟರ್ ವ್ಯತ್ಯಾಸ. 1965-66ರ ಕಾರು ಸುಮಾರು ಎರಡು ಇಂಚು ಕಿರಿದು. ಆ ಕಾರಿನವರು ಎಕ್ಸ್‌ಪ್ಲೋರರ್ ಆಕ್ಸಲ್‌ನ ಉದ್ದನೆಯ ಎಡಗಡೆಯ ಕೊಳವೆಯನ್ನು ಸುಮಾರು ಮೂರು ಇಂಚು ಕತ್ತರಿಸಿ, ಇನ್ನೊಂದು ಆಕ್ಸಲ್‌ನಿಂದ ಬಲಗಡೆಯ ಗಿಡ್ಡ ಶಾಫ್ಟನ್ನೇ ತಂದು ಎಡಕ್ಕೂ ಹಾಕುತ್ತಾರೆ. ನನಗೆ ಆ ಕೆಲಸ ಬೀಳಲಿಲ್ಲ.

ಗುಜರಿ ಅಂಗಳಕ್ಕೆ ಹೋಗುವ ಮೊದಲು ಏನು ನೋಡಬೇಕೆಂದು ತಿಳಿದುಕೊಂಡಿದ್ದರಿಂದ ಒಂದು ದಿನದಲ್ಲಿ ಕೆಲಸವಾಯಿತು. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಆಕ್ಸಲ್ ಸಂಕೇತ ಇರುತ್ತದೆ: 45 ಎಂದಿದ್ದರೆ 3.55 ಅನುಪಾತ (ಚಕ್ರದ ಒಂದು ಸುತ್ತಿಗೆ ಪಿನಿಯನ್ ಸುತ್ತುವ ಲೆಕ್ಕ), 46 ಎಂದಿದ್ದರೆ 3.73, ಡಿ4 ಎಂದಿದ್ದರೆ ಅದೇ 3.73 ಅನುಪಾತದ ಜೊತೆಗೆ ಲಿಮಿಟೆಡ್ ಸ್ಲಿಪ್, ಅಂದರೆ ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಬಲ ತಲುಪಿಸುವ ವ್ಯವಸ್ಥೆ. ಆಕ್ಸಲ್‌ನ ಹಿಂಬದಿಯ ಹತ್ತು ಬೋಲ್ಟಿನ ಮುಚ್ಚಳಕ್ಕೆ ಸಿಕ್ಕಿಸಿದ ತಗಡಿನ ಚೀಟಿಯಲ್ಲಿ ಅಂಕಿಗಳ ನಡುವೆ ಎಲ್ ಅಕ್ಷರವಿದ್ದು ‘3ಎಲ್73’ ಎಂದು ಬರೆದಿದ್ದರೂ ಅದೇ ಅರ್ಥ. ಅಂಗಳದಲ್ಲಿದ್ದ ಏಳು ಎಕ್ಸ್‌ಪ್ಲೋರರ್‌ಗಳಲ್ಲಿ ಡಿ4 ಇದ್ದದ್ದು ಎರಡರಲ್ಲಿ. ಮಿಷಿಗನ್ನಿನಲ್ಲಿ ಚಳಿಗಾಲದ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ, ಆ ಉಪ್ಪು ವಾಹನದ ಹೊಟ್ಟೆಯನ್ನು ತಿನ್ನುತ್ತದೆ. ಮೊದಲನೆಯದರ ಬ್ರೇಕಿನ ಹಿಂಫಲಕಗಳು ಹಪ್ಪಳದಂತೆ ಪುಡಿಯಾದವು. ಪಾರ್ಕಿಂಗ್ ಬ್ರೇಕಿನ ಸಣ್ಣ ಶೂಗಳು ನಿಲ್ಲುವುದೇ ಆ ಫಲಕದ ಮೇಲೆ, ಮತ್ತು ಅದನ್ನು ಬದಲಿಸಲು ಶಾಫ್ಟ್ ಕಳಚಬೇಕು. ಹಾಗಾಗಿ ಅದನ್ನು ಬಿಟ್ಟು ಎರಡನೆಯದನ್ನು ಆರಿಸಿಕೊಂಡೆ. ಡಿಸ್ಕ್, ಕ್ಯಾಲಿಪರ್ ಎಲ್ಲ ಸೇರಿ 200 ಡಾಲರ್ ಕೊಟ್ಟೆ.

ಮನೆಗೆ ತಂದು ಮುಚ್ಚಳ ತೆಗೆದ ಮೇಲೆ, ಈ ಆಕ್ಸಲ್‌ನ ಬಗ್ಗೆ ಜನ ಆಡುವ ಆಕ್ಷೇಪವನ್ನು ಕಣ್ಣಾರೆ ನೋಡಿ ಅರ್ಥಮಾಡಿಕೊಂಡೆ. ನಮ್ಮ ಊರಿನ ಎತ್ತಿನ ಬಂಡಿಯಲ್ಲಿ ಗಾಲಿ ಕಳಚದಂತೆ ಅಚ್ಚಿನ ಹೊರತುದಿಗೆ ಕಡಾಣಿ ಹೊಡೆಯುತ್ತಾರೆ. 9 ಇಂಚಿನ ಆಕ್ಸಲ್‌ನಲ್ಲೂ ಶಾಫ್ಟನ್ನು ಹಿಡಿದಿಡುವ ತಗಡು ಹೊರತುದಿಯಲ್ಲೇ ಇದೆ. 8.8ರ ಕಡಾಣಿ ಮಾತ್ರ ಒಳಗಿದೆ: ಡಿಫರೆನ್ಷಿಯಲ್ ಒಳಗೆ, ಶಾಫ್ಟಿನ ಒಳತುದಿಯ ಗೀರಿನಲ್ಲಿ, ಇಂಗ್ಲಿಷಿನ ಸಿ ಅಕ್ಷರದ ಆಕಾರದ ಒಂದು ಉಕ್ಕಿನ ಬಿಲ್ಲೆ. ಶಾಫ್ಟ್ ನಡುವೆ ಎಲ್ಲಾದರೂ ಮುರಿದರೆ ಚಕ್ರ ಶಾಫ್ಟಿನ ತುಂಡಿನ ಸಮೇತ ಹೊರಗೆ ಜಾರಬಹುದು. ಡಿಸ್ಕ್ ಬ್ರೇಕಿನ ಕ್ಯಾಲಿಪರ್ ಅದನ್ನು ಸ್ವಲ್ಪಮಟ್ಟಿಗೆ ತಡೆದೀತು, ಆದರೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಅಂಟು ಟೈರ್ ಹಾಕಿ ಡ್ರ್ಯಾಗ್ ಓಟಕ್ಕೆ ಹೋಗುವವರಿಗೆ ನಾನು ಈ ಆಕ್ಸಲ್ ಹೇಳುವುದಿಲ್ಲ. ರಸ್ತೆಯ ಟೈರಿನಲ್ಲಿ ಓಡುವ ನನ್ನಂತಹ ಕಾರಿಗೆ, ಶಾಫ್ಟು ತಿರುಚಿಕೊಳ್ಳುವ ಮೊದಲೇ ಟೈರು ಜಾರುವುದರಿಂದ, ಇದು ಸಾಕು.

ಆ ಬಿಲ್ಲೆಗಳನ್ನು ತೆಗೆಯಬೇಕಾದರೆ ಡಿಫರೆನ್ಷಿಯಲ್ ನಡುವಿನ ಅಡ್ಡಗೂಟವನ್ನು ಎಳೆಯಬೇಕು, ಅದನ್ನು ಹಿಡಿದಿರುವುದು ಕಿರುಬೆರಳಿನಷ್ಟು ತೆಳುವಾದ ಒಂದೇ ಬೋಲ್ಟ್. ಈ ಬೋಲ್ಟು ಮುರಿಯುವುದಕ್ಕೆ ಹೆಸರಾದದ್ದು. ನಾನು ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಮರುದಿನ ಹಗುರವಾಗಿ ಬಿಸಿ ಮಾಡಿ, ಸ್ಪ್ಯಾನರನ್ನು ಹಿಂದೆ ಮುಂದೆ ಅಲುಗಿಸುತ್ತ ಬಿಚ್ಚಿದೆ. ಹಳೆಯ ಬೋಲ್ಟನ್ನು ಮತ್ತೆ ಹಾಕದೆ ಹೊಸದನ್ನು ಎಳೆ ಬಿಗಿಯುವ ಅಂಟು ಸವರಿ ಕೂರಿಸಿದೆ. ಚಕ್ರದ ಬೇರಿಂಗು, ಎಣ್ಣೆ ಸೀಲು, ಲಿಮಿಟೆಡ್ ಸ್ಲಿಪ್‌ನ ಕ್ಲಚ್ ತಟ್ಟೆಗಳನ್ನು ಹೊಸದಾಗಿ ಹಾಕಿದೆ. ರಿಂಗ್ ಮತ್ತು ಪಿನಿಯನ್ ಹಲ್ಲುಗಳ ಸವೆತ ಸಮವಾಗಿದ್ದುದರಿಂದ ಅವನ್ನು ಮುಟ್ಟಲಿಲ್ಲ. ಚೆನ್ನಾಗಿ ಹೊಂದಿಕೊಂಡು ಓಡುತ್ತಿರುವ ಗೇರಿನ ಜೋಡಿಯನ್ನು ಸುಮ್ಮನೆ ಕೆದಕಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

8.8ರ ಕೊಳವೆಗಳನ್ನು ಎರಕದ ಗಡ್ಡೆಯೊಳಕ್ಕೆ ಒತ್ತಿ ಕೂರಿಸಿ, ಕೆಲವು ಕಡೆ ಮಾತ್ರ ಬೆಸುಗೆ ಹಾಕಿರುತ್ತಾರೆ. ಜೋರಾದ ಎಳೆತಕ್ಕೆ ಕೊಳವೆ ಗಡ್ಡೆಯೊಳಗೆ ತಿರುಗಬಹುದು. ಎರಕಕ್ಕೂ ಉಕ್ಕಿಗೂ ಸಾಧಾರಣ ಬೆಸುಗೆ ನಿಲ್ಲುವುದಿಲ್ಲ, ಗಡ್ಡೆಯನ್ನು ಮೊದಲು ಕಾಯಿಸಿ ನಿಕಲ್ ಕಡ್ಡಿಯಿಂದ ಬೆಸೆದು ನಿಧಾನವಾಗಿ ಆರಲು ಬಿಡಬೇಕು. ಅದನ್ನು ನನ್ನ ಕೈಯಲ್ಲಿ ಮಾಡದೆ ಅನುಭವವಿದ್ದ ಬೆಸುಗೆಗಾರರೊಬ್ಬರಿಂದ ಮಾಡಿಸಿದೆ.

ಎಕ್ಸ್‌ಪ್ಲೋರರ್‌ನ ಸ್ಪ್ರಿಂಗ್ ಪೀಠಗಳನ್ನೂ ಶಾಕ್ ಅಬ್ಸಾರ್ಬರ್ ಕಿವಿಗಳನ್ನೂ ಕತ್ತರಿಸಿ, ಮಸ್ಟ್ಯಾಂಗಿನ ಪಟ್ಟಿ ಸ್ಪ್ರಿಂಗುಗಳ ಅಂತರವಾದ 43 ಇಂಚಿಗೆ ಹೊಸ ಪೀಠಗಳನ್ನು ಬೆಸೆಯುವುದು ನನ್ನ ಪಾಲಿನ ಕೆಲಸ. ಇಲ್ಲೇ ನಾನು ತಪ್ಪಿದೆ. ಕಾರಿನ ಚೌಕಟ್ಟನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಆಕ್ಸಲ್ ಸ್ಪ್ರಿಂಗಿನಿಂದ ಜೋತಾಡುತ್ತಿದ್ದ ಸ್ಥಿತಿಯಲ್ಲೇ ಪಿನಿಯನ್ನಿನ ಕೋನ ಅಳೆದು ಬೆಸುಗೆ ಮುಗಿಸಿಬಿಟ್ಟೆ. ಗೇರ್ ಪೆಟ್ಟಿಗೆಯ ಬಾಲ 3 ಡಿಗ್ರಿ ಕೆಳಮುಖವಾಗಿತ್ತು. ಅದಕ್ಕೆ ಸಮಾನಾಂತರವಾಗಲು ಪಿನಿಯನ್ನಿನ ಮೂತಿ 3 ಡಿಗ್ರಿ ಮೇಲಿರಬೇಕು. ವೇಗ ಕೊಟ್ಟಾಗ ಪಟ್ಟಿ ಸ್ಪ್ರಿಂಗು ತಿರುಚಿಕೊಂಡು ಮೂತಿ ತಾನೇ ಮೇಲೇಳುವುದರಿಂದ ಅದರಲ್ಲಿ 2 ಡಿಗ್ರಿ ಕಳೆದು 1 ಡಿಗ್ರಿಗೆ ನಿಲ್ಲಿಸುವುದು ನನ್ನ ಲೆಕ್ಕವಾಗಿತ್ತು. ಲೆಕ್ಕ ಸರಿಯಾಗಿತ್ತು, ಅಳೆದ ಸ್ಥಿತಿ ತಪ್ಪಾಗಿತ್ತು. ಕಾರು ನೆಲಕ್ಕಿಳಿದು ಭಾರ ಬಿದ್ದಾಗ ಸ್ಪ್ರಿಂಗಿನ ಬಾಗು ಬದಲಾಗಿ ಮೂತಿ 5 ಡಿಗ್ರಿಗೆ ಏರಿತ್ತು. ಗಂಟೆಗೆ 55 ಮೈಲಿ ದಾಟಿದೊಡನೆ ಸೀಟಿನ ಕೆಳಗಿನಿಂದ ಹಿಟ್ಟಿನ ಗಿರಣಿಯಂತಹ ಗುಂಯ್‌ಗುಡುವಿಕೆ ಏಳುತ್ತಿತ್ತು, ಹಿಂಗನ್ನಡಿಯಲ್ಲಿ ಹಿಂದಿನ ಕಾರು ಎರಡಾಗಿ ಕಾಣುತ್ತಿತ್ತು.

ಪೀಠಗಳನ್ನು ಕತ್ತರಿಸಿ ಮತ್ತೆ ಬೆಸೆದಿದ್ದರೆ ಕೊಳವೆ ಶಾಖಕ್ಕೆ ಬಾಗುವ ಭಯವಿತ್ತು. ಹಾಗಾಗಿ ಪೀಠಕ್ಕೂ ಸ್ಪ್ರಿಂಗಿಗೂ ನಡುವೆ 4 ಡಿಗ್ರಿಯ ಉಕ್ಕಿನ ಬೆಣೆಗಳನ್ನು, ದಪ್ಪನೆಯ ತುದಿ ಹಿಂದಕ್ಕೆ ಬರುವಂತೆ ಇಟ್ಟು, ಚಕ್ರಗಳ ಮೇಲೆ ಕಾರಿನ ಪೂರ್ತಿ ಭಾರವಿದ್ದಾಗ ಮತ್ತೆ ಅಳೆದೆ. ಮೂತಿ 1 ಡಿಗ್ರಿಗೆ ಬಂತು, ಸದ್ದು ನಿಂತಿತು. ಈ ಕೆಲಸ ಮಾಡುವವರು ಪೀಠಗಳಿಗೆ ಮೊದಲು ಚುಕ್ಕಿ ಬೆಸುಗೆಯನ್ನಷ್ಟೇ ಹಾಕಿ, ಕಾರನ್ನು ನೆಲಕ್ಕಿಳಿಸಿ ಕೋನ ನೋಡಿ, ಆಮೇಲೆ ಆಕ್ಸಲನ್ನು ಹೊರತೆಗೆದು ಒಂದೊಂದೇ ಇಂಚು, ಬದಿ ಬದಲಿಸುತ್ತ ಪೂರ್ತಿ ಬೆಸೆಯಬೇಕು.

ಗೇರ್ ಪೆಟ್ಟಿಗೆಯಿಂದ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಅಳತೆಯನ್ನೂ ಹೀಗೆಯೇ, ಕಾರು ನೆಲದ ಮೇಲಿದ್ದಾಗ ಕೊಟ್ಟೆ. ಎಕ್ಸ್‌ಪ್ಲೋರರ್‌ನ ಪಿನಿಯನ್ ಆಕ್ಸಲ್‌ನ ನಡುಗೆರೆಯಿಂದ ಸುಮಾರು ಎರಡು ಇಂಚು ಬಲಕ್ಕಿದೆ. ಶಾಫ್ಟು ಸ್ವಲ್ಪ ಓರೆಯಾಗಿ ಓಡುತ್ತದೆಯಾದರೂ ಕಾರಿನ ತಳದ ಸುರಂಗಕ್ಕೆ ತಾಗುವುದಿಲ್ಲ. ಎಕ್ಸ್‌ಪ್ಲೋರರ್‌ನ ದುಂಡು ಫ್ಲೇಂಜಿಗೆ ಹೊಂದುವ ತುದಿಯನ್ನೇ ಶಾಫ್ಟಿಗೆ ಹಾಕಿಸಿದ್ದರಿಂದ ಪಿನಿಯನ್ ನಟ್ಟನ್ನು ಬಿಚ್ಚಬೇಕಾಗಲಿಲ್ಲ. ಬಿಚ್ಚಿದ್ದರೆ ಬೇರಿಂಗಿನ ಬಿಗಿತವನ್ನು ಹೊಸದಾಗಿ ಹೊಂದಿಸಬೇಕಾಗುತ್ತಿತ್ತು.

ಬ್ರೇಕಿನ ವಿಷಯದಲ್ಲಿ ಮರೆಯಬಾರದ ಮಾತೊಂದಿದೆ. ಹಿಂದಿನ ಚಕ್ರಗಳಿಗೆ ಡ್ರಮ್ ಇದ್ದ ಕಾರಿನಲ್ಲಿ ಹಿಂದಿನ ಬ್ರೇಕಿನ ಕೊಳವೆಗೆ ಸ್ವಲ್ಪ ಒತ್ತಡ ಉಳಿಸುವ ಕವಾಟವಿರುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಡಿಸ್ಕಿನ ಪ್ಯಾಡುಗಳು ಸದಾ ಉಜ್ಜುತ್ತ ಬಿಸಿಯಾಗುತ್ತವೆ. ಅದನ್ನು ತೆಗೆದು, ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ಬೇರೆ ಕವಾಟ ಹಾಕಿ, ಖಾಲಿ ಮೈದಾನದಲ್ಲಿ ಮುಂದಿನ ಚಕ್ರಗಳೇ ಮೊದಲು ಕಚ್ಚುವಂತೆ ತಿರುಗಿಸಿ ನಿಲ್ಲಿಸಿದೆ. 14 ಇಂಚಿನ ಹಳೆಯ ಚಕ್ರಗಳೊಳಗೆ ಈ ಡಿಸ್ಕು ಹಿಡಿಸುವುದಿಲ್ಲ. ನನ್ನಲ್ಲಿ 15 ಇಂಚಿನವು ಇದ್ದವು.

ಆಕ್ಸಲ್ 200, ಬೇರಿಂಗು, ಸೀಲು, ಪ್ಯಾಡು, ಡಿಸ್ಕುಗಳಿಗೆ 190, ಕ್ಲಚ್ ತಟ್ಟೆಗಳಿಗೆ 80, ಪೀಠ, ಯು-ಬೋಲ್ಟು, ಬೆಣೆಗಳಿಗೆ 90, ಬೆಸುಗೆಗೆ 150, ಬ್ರೇಕಿನ ಕೊಳವೆ ಮತ್ತು ಕವಾಟಗಳಿಗೆ 120, ಪ್ರೊಪೆಲ್ಲರ್ ಶಾಫ್ಟಿಗೆ 380: ಒಟ್ಟು 1,210 ಡಾಲರ್. ಅಂಗಳದಲ್ಲಿ ಕೊಟ್ಟ ಬೆಲೆ ಒಟ್ಟು ಖರ್ಚಿನ ಆರನೇ ಒಂದು ಭಾಗ ಮಾತ್ರ. 200 ಡಾಲರಿಗೆ ಆಕ್ಸಲ್ ಎಂದು ಕೇಳಿ ಕೈಹಾಕುವವರು ಉಳಿದ ಐದು ಭಾಗವನ್ನು ಮೊದಲೇ ಎಣಿಸಿಟ್ಟುಕೊಳ್ಳಲಿ. ಹಾಗೆ ಎಣಿಸಿದರೂ ಇದು ಹೊಸ 9 ಇಂಚಿನ ಆಕ್ಸಲ್‌ನ ಅರ್ಧ ಬೆಲೆಯೊಳಗೇ ಮುಗಿಯಿತು, ಅದಕ್ಕೂ ಪ್ರೊಪೆಲ್ಲರ್ ಶಾಫ್ಟಿನ ಖರ್ಚು ಬೇರೆ ಬೀಳುತ್ತಿತ್ತು.

3.73 ಅನುಪಾತ ಹೆದ್ದಾರಿಗೆ ಹೆಚ್ಚಾಯಿತೇನೋ ಎಂಬ ಅಳುಕಿತ್ತು. ಐದನೆಯ ಗೇರು 0.64 ಆಗಿರುವುದರಿಂದ, 26 ಇಂಚಿನ ಟೈರಿನಲ್ಲಿ ಗಂಟೆಗೆ 70 ಮೈಲಿಗೆ ಎಂಜಿನ್ ತಿರುಗುವುದು ನಿಮಿಷಕ್ಕೆ ಸುಮಾರು 2,150 ಸುತ್ತು ಮಾತ್ರ. ಆಗಸ್ಟ್ ತಿಂಗಳಲ್ಲಿ ಡೆಟ್ರಾಯಿಟ್ ಕಡೆಯ ವುಡ್‌ವರ್ಡ್ ಅವೆನ್ಯೂ ರಸ್ತೆಯ ಉದ್ದಕ್ಕೂ ಹಳೆಯ ಕಾರುಗಳ ಮೆರವಣಿಗೆ ನಡೆದಾಗ ಇಡೀ ದಿನ ನಿಂತು ನಿಂತು ಓಡಿಸಿದರೂ ಆಕ್ಸಲ್‌ನಿಂದ ಸದ್ದಿಲ್ಲ.

ಮೊದಲ 500 ಮೈಲಿ ಮುಗಿದ ಮೇಲೆ ಮುಚ್ಚಳ ತೆಗೆದು ಎಣ್ಣೆ ಬದಲಿಸಿದೆ, ಲಿಮಿಟೆಡ್ ಸ್ಲಿಪ್‌ಗೆ ಬೇಕಾದ 4 ಔನ್ಸ್ ಫ್ರಿಕ್ಷನ್ ಮಾಡಿಫೈಯರನ್ನು (ಕ್ಲಚ್ ತಟ್ಟೆಗಳ ಉಜ್ಜಾಟವನ್ನು ಹದಗೊಳಿಸುವ ದ್ರವ) ಹೊಸ ಎಣ್ಣೆಗೂ ಸೇರಿಸಿದೆ. ತಳದಲ್ಲಿ ನಾನು ಇಟ್ಟಿದ್ದ ಅಯಸ್ಕಾಂತಕ್ಕೆ ತೆಳುವಾದ ಕಪ್ಪು ಲೇಪ ಅಂಟಿತ್ತು. ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿದೆ. ಕಾಡಿಗೆಯಂತೆ ನುಣ್ಣಗಿತ್ತು, ಒಂದು ಹರಳೂ ಕೈಗೆ ಹತ್ತಲಿಲ್ಲ.